ಉಸ್ಮಾನಸಾಬನ ಒಂಬತ್ತು ಜೋಡಿ

ಬಳ್ಳಾರಿ ಕೌಲ್ ಬಜಾರಿನ ಗೌಂಡಿ ಮೇಸ್ತ್ರಿ ಉಸ್ಮಾನಸಾಬ ತನ್ನ ಮನೆ ಕಟ್ಟೆಯ ಮೇಲೆ ಕೂತು ಕೆಮ್ಮಿದರೆ ಕುರುಗೋಡಿನಲ್ಲಿ ಹಸಿ ಗಿಲಾವು ಉದುರುತ್ತಿತ್ತು ಎನ್ನುವವರಿದ್ದಾರೆ. ಅಷ್ಟಿಲ್ಲದಿದ್ದರೂ, ಮೂರನೇ ಅಂತಸ್ತಿನಲ್ಲಿದ್ದವರನ್ನು ಕರೆಯಲು ಅವನಿಗೆ ಫೋನು ಬೇಕಾಗಿರಲಿಲ್ಲ. ಹದಿನಾರನೇ ವಯಸ್ಸಿಗೆ ಕರಣಿ ಹಿಡಿದ. ಈಗ ಅರವತ್ತೆರಡು. ಅವನು ಕಟ್ಟಿದ ಗೋಡೆಗಳನ್ನು ಸಾಲಾಗಿಟ್ಟರೆ ಮೆಕ್ಕಾ ಮುಟ್ಟಿ, ವಾಪಸು ಬರುವ ದಾರಿಯಲ್ಲಿ ಎರಡು ಮನೆ ಕಟ್ಟುವಷ್ಟು ಇಟ್ಟಿಗೆ ಮಿಗುತ್ತಿತ್ತು.

ಅವನ ಗುಂಪಿನವರೆಲ್ಲ ಗಂಡ ಹೆಂಡತಿ ಜೋಡಿಯಾಗಿ ದುಡಿಯುವವರು. ಗಂಡ ಅಗೆಯುತ್ತಾನೆ, ಹೆಂಡತಿ ಬುಟ್ಟಿ ಹೊರುತ್ತಾಳೆ. ಮೇಸ್ತ್ರಿಗಳ ಬಾಯಲ್ಲಿ ಒಂದು ಜೋಡಿ ಎಂದರೆ ಒಂದೇ. ಗಂಡನ ಹೆಸರು ಹಿಡಿದು ಕೂಗಿದರೆ ಇಬ್ಬರೂ ಬಂದಂತೆ.

ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ಹೊಸ ರೈಸ್‌ಮಿಲ್ಲಿನ ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಚನ್ನಬಸವರಾಜ ಸಿರುಗುಪ್ಪದ ತನ್ನ ಆಫೀಸಿಗೆ ಉಸ್ಮಾನಸಾಬನನ್ನು ಕರೆಸಿದ. ಮೇಜಿನ ಮೇಲೆ ಒಂದು ಫಾರಂ ಇತ್ತು. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವುದಾದರೆ, ಕೆಲಸಕ್ಕೆ ಮೂವತ್ತು ದಿನ ಮೊದಲೇ ಕಾರ್ಮಿಕ ಇಲಾಖೆಗೆ ನೋಟಿಸು ಕೊಡಬೇಕು: ಎಲ್ಲಿ, ಏನು ಕೆಲಸ, ಎಷ್ಟು ಜನ, ಏನು ಅಪಾಯ.

"ಎಷ್ಟ್ ಮಂದಿ ತರ್ತೀಯೋ ಸಾಬ?"

"ಒಂಬತ್ರಿ ಅಣ್ಣಾರ."

ಚನ್ನಬಸವರಾಜ ಪೆನ್ನಿಗೆ ಮುಚ್ಚಳ ಹಾಕಿದ. "ಹಂಗಾರ ನೋಟಿಸೂ ಬ್ಯಾಡ, ಗೀಟಿಸೂ ಬ್ಯಾಡ. ನಾಳಿಂದನ ಸುರು ಹಚ್ಚು."

ಬಳ್ಳಾರಿಗೆ ವಾಪಸು ಬರುವ ಬಸ್ಸಿನಲ್ಲಿ ಉಸ್ಮಾನಸಾಬ ಬೆರಳು ಮಡಿಚಿ ಲೆಕ್ಕ ಹಾಕಿದ. ಒಂಬತ್ತು ಜೋಡಿ ಎಂದರೆ ಹದಿನೆಂಟು ಜನ. ತಿರುಗಿ ಹೋಗಿ ಹೇಳಿದರೆ ಮೂವತ್ತು ದಿನ ಕೆಲಸವಿಲ್ಲ, ಅಷ್ಟರಲ್ಲಿ ಗುಂಪು ಚೆದುರಿ ಹೋಗುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡ. ಕಾರ್ಮಿಕ ಇಲಾಖೆಯ ಗೋಡೆಯ ಮೇಲಿದ್ದ ನಂಬರನ್ನು ಫೋನಿಗೆ ಹಾಕಿಕೊಂಡು ಹನ್ನೊಂದು ದಿನ ತಿರುಗಿದ, ಒತ್ತಲಿಲ್ಲ.

ಭತ್ತ ಮೇಲೆತ್ತುವ ಎಲಿವೇಟರಿಗೆಂದು ತೋಡಿದ ಗುಂಡಿ ಅಷ್ಟರಲ್ಲಿ ಹನ್ನೆರಡು ಅಡಿ ಇಳಿದಿತ್ತು. ಎಲ್ಲವೂ ಎರೆ ಮಣ್ಣು. ಒಣಗಿದಾಗ ಕಬ್ಬಿಣ, ನೆನೆದಾಗ ಎಮ್ಮೆಯನ್ನು ನುಂಗಿ ಕೊಂಬೂ ಉಳಿಸದ ಮಣ್ಣು ಅದು. ಹನ್ನೆರಡನೇ ದಿನದ ಹೊತ್ತಿಗೆ ಪಕ್ಕದ ಕಾಲುವೆಗೆ ನೀರು ಬಿಟ್ಟಿದ್ದರು. ಗುಂಡಿಯ ತಳದಲ್ಲಿ ನೀರು ಜಿನುಗತೊಡಗಿತು. ಡೀಸೆಲ್ ಪಂಪನ್ನು ಅಂಚಿಗೆ ತಂದಿಟ್ಟು ಪೈಪು ಇಳಿಸಿದರು.

ಬೆಳಿಗ್ಗೆ ಹತ್ತರ ಸುಮಾರಿಗೆ ಗುಂಡಿಯ ಅಂಚಿನಿಂದ ಒಂದು ಮೊಳ ಈಚೆಗೆ ನೆಲದಲ್ಲೊಂದು ಗೆರೆ ಕಂಡಿತು. ಉಸ್ಮಾನಸಾಬ ಅದರಲ್ಲಿ ಕಿರುಬೆರಳಿಟ್ಟ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬರುವಷ್ಟರಲ್ಲಿ ಎರಡು ಬೆರಳು ಹಿಡಿಯಿತು. ಚನ್ನಬಸವರಾಜನಿಗೆ ಫೋನು ಹಚ್ಚಿದ.

"ಅಣ್ಣಾರ, ಮಣ್ಣು ಬಾಯಿ ಬಿಡಾಕ ಹತ್ತೈತ್ರಿ."

"ಮೊದ್ಲು ನೀ ಬಾಯಿ ಮುಚ್ಚು, ಅದೂ ಮುಚ್ಚತೈತಿ. ಕಾಂಕ್ರೀಟ್ ಲಾರಿ ಕುರುಗೋಡು ಬಿಟ್ಟೈತಿ. ನಾನೂ ಅದರ ಹಿಂದನ ಅದೀನಿ. ತಳದಾಗಿನ ನೀರು ಬಳದಿಡ್ರಿ."

ಉಸ್ಮಾನಸಾಬ ಫೋನು ಜೇಬಿಗಿಳಿಸಿ ಕೂಗಿದ. "ಎಲ್ಲಾ ಜೋಡಿ ಮ್ಯಾಲ ಹತ್ರಿ. ಪುಟ್ಟಿ, ಸಲಿಕಿ ಅಲ್ಲೇ ಬಿಡ್ರಿ."

ಏಣಿ ಒಂದೇ. ಒಬ್ಬರ ಹಿಂದೆ ಒಬ್ಬರು ಹತ್ತಿ ಬಂದು ಬೇವಿನ ಗಿಡದ ನೆರಳಿಗೆ ಸೇರಿದರು. ಅವನು ಹೆಸರು ಕೂಗಿದ. ಉಜ್ಜಿನಪ್ಪ ಓಗೊಟ್ಟ, ಚಂದ್ರಣ್ಣ ಓಗೊಟ್ಟ, ಕೊನೆಯವನಾಗಿ ಪರಶು ಕಾಲುವೆ ಕಡೆಯಿಂದ ಕೊಡ ಹೊತ್ತು ಬರುತ್ತಲೇ "ಅದೀನ್ರಿ" ಎಂದ. ಒಂಬತ್ತು. ಉಸ್ಮಾನಸಾಬನ ಲೆಕ್ಕ ಮುಗಿಯಿತು.

ಪರಶು ಕೊಡ ಇಳಿಸಿ ಸುತ್ತ ನೋಡಿದ. "ಮೇಸ್ತ್ರಿ, ನಮ್ಮಾಕಿ ಎಲ್ಲಿ?"

"ನಿನ್ ಜೊತೀಗಿಲ್ಲೇನು?"

"ನಾ ನೀರಿಗೆ ಹೋಗಿದ್ನಲ್ರಿ. ಆಕಿ ಪಂಪಿನ ಪೈಪ್ ಹಿಡಕೊಂಡು ಕೆಳಗ ನಿಂತಿದ್ಲು."

ಉಸ್ಮಾನಸಾಬ ಗುಂಡಿಯ ಅಂಚಿಗೆ ಓಡಿದ. ಮೂಲೆಯಲ್ಲಿ, ಮೊಣಕಾಲು ಮುಟ್ಟುವ ಕೆಸರಿನಲ್ಲಿ, ಬೆನ್ನು ತಿರುಗಿಸಿಕೊಂಡು ಅವಳು ನಿಂತಿದ್ದಳು. ಪಂಪಿನ ಗದ್ದಲಕ್ಕೆ ಅವನ ಗಂಟಲು ಸಾಲಲಿಲ್ಲ. ಹೋಗಿ ಪಂಪು ಆರಿಸಿದ. ಹಠಾತ್ತನೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಮಣ್ಣಿನ ಹೆಂಟೆಗಳು ನೀರಿಗೆ ಬೀಳುವುದು ಕೇಳಿಸಿತು. ಕರೆಯಬೇಕೆಂದರೆ ಅವಳ ಹೆಸರೇ ಅವನಿಗೆ ಗೊತ್ತಿಲ್ಲ. ಆರು ವರ್ಷದಿಂದ ಅವನ ಕೈಕೆಳಗೆ ದುಡಿಯುತ್ತಿದ್ದಳು.

"ಹೆಸರೇನೋ ಆಕೀದು?"

"ಮೀನಾಕ್ಷಿರಿ."

"ಮೀನಾಕ್ಷೀ, ಪೈಪ್ ಬಿಡು. ಏಣಿ ಹತ್ತು."

"ಕೆಸರಿಗೆ ಬಿದ್ರ ಕಟ್ಟಿಕೊಳ್ಳತೈತ್ರಿ ಮೇಸ್ತ್ರಿ."

"ಕಟ್ಟಿಕೊಳ್ಳಲಿ ಬಿಡವ್ವ. ಪೈಪ್ ಮಿಲ್ಲಿನವರ್ದು, ನಿಮ್ಮಪ್ಪಂದಲ್ಲ. ಬಾ."

ಕಾಲು ಕೆಸರಿನಿಂದ ಕೀಳಲು ಅವಳಿಗೆ ಒಂದು ಯುಗ ಹಿಡಿಯಿತು. ಏಣಿಯ ಅರ್ಧದಲ್ಲಿ ಕೆಸರುಗಾಲು ಜಾರಿತು. ಉಸ್ಮಾನಸಾಬ ಅಂಚಿಗೆ ಬೋರಲಾಗಿ ಮಲಗಿ ಅವಳ ಮಣಿಕಟ್ಟು ಹಿಡಿದ, ಪರಶು ಅವನ ಕಾಲು ಹಿಡಿದ, ಉಜ್ಜಿನಪ್ಪ ಪರಶುವಿನ ಸೊಂಟ ಹಿಡಿದ. ಎಳೆದು ಹಾಕಿ ಅವರು ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ, ಆ ಬದಿಯ ಗೋಡೆ ದಣಿದ ಎಮ್ಮೆ ಕೂತ ಹಾಗೆ ಮೆಲ್ಲಗೆ ಕೂತುಬಿಟ್ಟಿತು. ಪಂಪು, ಪೈಪು, ಏಣಿ ಯಾವುದೂ ಕಾಣಲಿಲ್ಲ.

ಅವನು ಎಲ್ಲರನ್ನೂ ಒಬ್ಬೊಬ್ಬರಾಗಿ ತಲೆ ಮುಟ್ಟಿ ಎಣಿಸಿದ. ಹದಿನೆಂಟು. ಮತ್ತೊಮ್ಮೆ ಎಣಿಸಿದ.

ಲಾರಿಯ ಬೆನ್ನಿಗೇ ಬಂದ ಚನ್ನಬಸವರಾಜ ಗುಂಡಿ ನೋಡಿ, ನೆರಳಲ್ಲಿದ್ದವರನ್ನು ಎಣಿಸಿ ಮುಖ ಒರೆಸಿಕೊಂಡ. "ಪಂಪ್ ಹೋತು, ಹೋಗ್ಲಿ. ಯಾರಿಗೂ ಏನೂ ಆಗಿಲ್ಲಲ? ಅರ್ಧ ಮಂದೀನ ಊರಾಗ ಕಳಿಸು. ಯಾರರ ಕೇಳಿದ್ರ ಒಂಬತ್ತ ಅನ್ನು."

ಉಸ್ಮಾನಸಾಬ ಅವನ ಎದುರಿಗೇ ಇಲಾಖೆಯ ಆ ನಂಬರು ಒತ್ತಿದ. ಫೋನೆತ್ತಿದ ಕಾರ್ಮಿಕ ನಿರೀಕ್ಷಕಿ ಸಂಘಮಿತ್ರಾ ಅಂದು ಸಿರುಗುಪ್ಪದಲ್ಲೇ ಇದ್ದರು.

"ಎಷ್ಟು ಜನ ಇದ್ದಿರಿ?"

"ಹದಿನೆಂಟ್ರಿ ಮೇಡಂ."

"ಮತ್ತೆ ನೋಟಿಸ್ ಯಾಕೆ ಬಂದಿಲ್ಲ?"

"ಒಂಬತ್ತ ಅಂತ ಹೇಳಿದಾಂವ ನಾನರಿ. ತಪ್ಪಾಗೈತಿ ಅಂತ ಅವತ್ತ ಗೊತ್ತಾತು. ಸುಮ್ಮಕಿದ್ದೆ."

"ಮುಗೀತು ನಿಂದು" ಎಂದ ಚನ್ನಬಸವರಾಜ. "ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಎಲ್ಲೂ ನನ್ನ ಇಟ್ಟಂಗಿ ಮುಟ್ಟಬ್ಯಾಡ."

"ಆತ್ರಿ" ಎಂದ ಉಸ್ಮಾನಸಾಬ.

ಅರ್ಧ ಗಂಟೆಯಲ್ಲಿ ಬಂದ ಸಂಘಮಿತ್ರಾ ಕೆಲಸ ನಿಲ್ಲಿಸಿ, ಬೇವಿನ ಗಿಡದ ಕೆಳಗೆ ಹೆಸರು ಬರೆಯತೊಡಗಿದರು. ಗಂಡಸರದನ್ನು ಉಸ್ಮಾನಸಾಬ ಗಡಗಡ ಹೇಳಿದ. ಹೆಂಗಸರ ಸರದಿ ಬಂದಾಗ ಒಂದನ್ನು ಹೇಳಿ ನಿಂತುಬಿಟ್ಟ. ಉಳಿದವರು ತಾವೇ ಮುಂದೆ ಬಂದು, ಅಪ್ಪನ ಹೆಸರು, ಊರು ಸಮೇತ ನಿಧಾನವಾಗಿ ಬರೆಸಿದರು. ಡ್ರಮ್ಮು ತಿರುಗಿಸುತ್ತ ಕಾದಿದ್ದ ಲಾರಿಯವನು, ಕಾಂಕ್ರೀಟು ಹೊಟ್ಟೆಯಲ್ಲೇ ಗಟ್ಟಿಯಾದೀತೆಂದು ಹೆದರಿ, ಯಾರನ್ನೂ ಕೇಳದೆ ಕುರುಗೋಡಿನ ದಾರಿ ಹಿಡಿದ.