ಉದ್ದ ಪೈರು, ಗಿಡ್ಡ ಪೈರು

ಅವಳನ್ನು ಎಲ್ಲರೂ ಕಳೆಯಕ್ಕ ಎಂದೇ ಕರೆಯುತ್ತಿದ್ದರು. ಹೊಲಕ್ಕೆ ಕಳೆನಾಶಕ ಸೋಕಿಸದೆ ಗೋಧಿ ಬೆಳೆಯುತ್ತೇವೆಂದು ಗಂಡ ಹೆಂಡತಿ ಹಟ ಹಿಡಿದ ಮೇಲೆ ಬಿದ್ದ ಹೆಸರು ಅದು. ಕುಚೋದ್ಯಕ್ಕೆ ಹುಟ್ಟಿದ್ದು, ಬರಬರುತ್ತ ರೂಢಿಯಾಯಿತು. ಗಂಡನೂ ಒಮ್ಮೊಮ್ಮೆ ಹಾಗೆ ಕರೆದು ಬೈಸಿಕೊಳ್ಳುತ್ತಿದ್ದ.

ಅವರ ಹೊಲಕ್ಕೆ ಒಂದು ಹುಲ್ಲಿನ ಕಾಟ. ಎಳೆಯದಾಗಿದ್ದಾಗ ಅದು ಥೇಟು ಗೋಧಿಯ ಸಸಿಯೇ. ತೆನೆ ಬಿಡುವವರೆಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಕಳೆಯಕ್ಕ ಅದಕ್ಕೆ ಸುಳ್ಳುಗೋಧಿ ಎಂದು ಹೆಸರಿಟ್ಟಿದ್ದಳು. ಸಾಲುಗಳ ನಡುವೆ ಹುಟ್ಟಿದ್ದನ್ನು ಎಡೆಕುಂಟೆ ಹೊಡೆದು ತೆಗೆಯಬಹುದು. ಗೋಧಿಯ ಮಗ್ಗುಲಲ್ಲೇ ಹುಟ್ಟಿದ್ದಕ್ಕೆ ಕೈಯೇ ಗತಿ. ಅದಕ್ಕೇ ಅವರು ಎದೆಮಟ್ಟ ಬೆಳೆಯುವ ಹಳೆಯ ತಳಿ ಬಿತ್ತುತ್ತಿದ್ದರು. ಅಗಲ ಎಲೆಯ ಆ ಪೈರು ಬೇಗ ಎದ್ದು, ನೆಲಕ್ಕೆಲ್ಲ ನೆರಳು ಹಾಸಿ, ಕಳೆಗೆ ಬಿಸಿಲು ಸಿಗದಂತೆ ಮಾಡುತ್ತಿತ್ತು. ಇಳುವರಿ ಮಾತ್ರ ಅಷ್ಟಕ್ಕಷ್ಟೇ. ಗಾಳಿ ಬೀಸಿದರೆ ಮಲಗುವ ಚಾಳಿ ಬೇರೆ.

ಒಂದು ವರ್ಷ ಗಂಡ ಗಿಡ್ಡ ತಳಿಯ ಬೀಜ ತಂದಿಳಿಸಿದ. ದಪ್ಪ ಕಾಳು, ಗಟ್ಟಿ ಕಾಂಡ, ಎಂಥ ಗಾಳಿಗೂ ಬಗ್ಗುವುದಿಲ್ಲವಂತೆ.

"ಇದು ಮೊಣಕಾಲಿಗೇ ನಿಂತ್ಬಿಟ್ರೆ ಸುಳ್ಳುಗೋಧಿ ಮೇಲೆ ನೆರಳು ಹಾಕೋರು ಯಾರು? ನೀವು ಕೊಡೆ ಹಿಡ್ಕೊಂಡು ನಿಲ್ತೀರಾ?" ಎಂದಳು.

"ಹೋದ ವರ್ಷ ನೆಲಕ್ಕೆ ಬಿದ್ದ ತೆನೆ ಅಲ್ಲೇ ಮೊಳಕೆ ಒಡೀಲಿಲ್ವಾ? ಈ ಸಲ ನನ್ನ ಮಾತೂ ಒಂದು ನಡೀಲಿ ಬಿಡು."

ಅವಳು ಬಿಟ್ಟಳು, ಆದರೆ ಸುಮ್ಮನೆ ಬಿಡಲಿಲ್ಲ. ಕಳೆ ಬಂದರೆ ನೀವೇ ಕೀಳಬೇಕು, ನಾನು ಕಾಲಿಡುವುದಿಲ್ಲ ಎಂದಳು. ಅವನು ನಕ್ಕು ಒಪ್ಪಿದ.

ಆ ವರ್ಷ ಪೈರು ಮೇಲೇಳುವ ಹೊತ್ತಿಗೆ ಜಡಿಮಳೆ ಹಿಡಿಯಿತು. ಕೆಸರಿನಲ್ಲಿ ಎಡೆಕುಂಟೆ ಆಡಲಿಲ್ಲ. ಮಳೆ ಬಿಡುವಷ್ಟರಲ್ಲಿ ಕೈ ಮೀರಿತ್ತು. ಗಿಡ್ಡ ಪೈರಿನ ನೆತ್ತಿಯ ಮೇಲೆ ಸುಳ್ಳುಗೋಧಿ ತೂಗಾಡುತ್ತಿತ್ತು. ಕಾಳು ಉದುರಿಸುವ ಮುಂಚೆ ಕೀಳದಿದ್ದರೆ ಮುಂದಿನ ವರ್ಷಗಳಿಗೂ ಅದನ್ನೇ ಬಿತ್ತಿದ ಹಾಗೆ. ಗಂಡ ಒಬ್ಬನೇ ಹೊಲಕ್ಕಿಳಿದ. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವಳನ್ನು ಕರೆಯಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವನ ಬೆನ್ನು ಬಾಗಿ ಏಳುವುದು ಕಾಣುತ್ತಿತ್ತು. ಕರೆಯಲಿ, ಹೋಗೋಣ ಎಂದುಕೊಳ್ಳುತ್ತ ಅವಳು ಪಾತ್ರೆ ತಿಕ್ಕುತ್ತಿದ್ದಳು. ಆಗಾಗ ಎದೆ ಹಿಡಿದಂತಾಗುತ್ತದೆ ಎಂದು ಅವನು ಊರಿನ ಹಿಟ್ಟಿನ ಗಿರಣಿಯವನ ಹತ್ತಿರ ಹೇಳಿಕೊಂಡಿದ್ದನಂತೆ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ಬೆನ್ನು ಕಾಣಲಿಲ್ಲ. ನೆರಳಿಗೆ ಕೂತಿರಬೇಕು ಎಂದುಕೊಂಡಳು. ಆ ಹೊಲದಲ್ಲಿ ಒಂದು ಮರವೂ ಇಲ್ಲವೆಂದು ನೆನಪಾಗಿ ಒದ್ದೆ ಕೈಯಲ್ಲೇ ಓಡಿದಳು. ಅವನು ಸಾಲುಗಳ ನಡುವೆ ಮಗ್ಗುಲಾಗಿ ಬಿದ್ದಿದ್ದ. ಕಿತ್ತ ಹುಲ್ಲು ಹಿಡಿಯಲ್ಲೇ ಇತ್ತು. ಜೀವ ಹೋಗಿತ್ತು.

ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಅವಳು ಸೆರಗು ಬಿಗಿದು, ಅವನು ನಿಲ್ಲಿಸಿದ್ದ ಸಾಲಿನಿಂದಲೇ ಕೀಳತೊಡಗಿದಳು. ಸುದ್ದಿ ಕೇಳಿ ಪಟ್ಟಣದಿಂದ ಬಂದು ಉಳಿದಿದ್ದ ಮಗಳು ಓಡಿಬಂದು ಕೈ ಹಿಡಿದಳು.

"ಅಮ್ಮಾ, ಹೊಲ ಹಾಳಾದ್ರೆ ಆಗ್ಲಿ ಬಿಡು."

"ಕರೀದೇ ಇದ್ರೂ ಬರ್ಬೇಕಿತ್ತು ಕಣೇ ನಾನು," ಎಂದಳು ಕಳೆಯಕ್ಕ, ಮುಖವೆತ್ತದೆ.

ಮಗಳು ಪಕ್ಕದ ಸಾಲಿಗೆ ಇಳಿದಳು.

ಮರುವರ್ಷ ಮತ್ತೆ ಉದ್ದ ತಳಿ. ಪೈರು ದಟ್ಟವಾಗಿ ಎದ್ದು ಸುಳ್ಳುಗೋಧಿಯ ಸದ್ದಡಗಿಸಿತು. ನೋಡಿದವರೆಲ್ಲ ಹೊಗಳಿದರು. ಕೊಯ್ಲಿಗೆ ಇನ್ನೇನು ಬಂತು ಎನ್ನುವಾಗ ಗಾಳಿಮಳೆ ಬಡಿದು ಇಡೀ ಹೊಲ ಚಾಪೆ ಹಾಸಿದಂತೆ ಮಲಗಿತು. ಬದುವಿನ ಮೇಲೆ ಕೂತಿದ್ದವಳ ಹತ್ತಿರ ಗಿರಣಿಯವನು ಬಂದು ನಿಂತ.

"ಅವರು ಹೇಳ್ತಿದ್ದಿದ್ದು ಇದನ್ನೇ ಅಲ್ವಾ, ಅಕ್ಕಾ?"

"ಹೌದಪ್ಪ. ಬಂದು ಒಂದ್ಸಲ ಹಂಗಿಸ್ಲಿ ಅಂತ ಕೂತಿದೀನಿ."



ಬಿದ್ದ ಪೈರನ್ನು ತಾಯಿ ಮಗಳು ಕುಡುಗೋಲಿನಲ್ಲಿ ಕೊಯ್ದರು. ಮುಂದಿನ ಬಿತ್ತನೆಯಲ್ಲಿ ಕಳೆಯಕ್ಕ ಗಾಳಿ ತಟ್ಟದ ತಗ್ಗಿನ ತುಂಡಿಗೆ ಉದ್ದ ತಳಿ ಹಾಕಿದಳು. ಗಾಳಿಗೆ ಮೈಯೊಡ್ಡಿದ ಮೇಲಿನ ತುಂಡಿಗೆ ಗಿಡ್ಡದ್ದು. ಎಡೆಕುಂಟೆ ಸಲೀಸಾಗಿ ಓಡಾಡಲೆಂದು ಅಲ್ಲಿ ಸಾಲುಗಳನ್ನು ಅಗಲ ಮಾಡಿದಳು. ಎರಡೂ ಕೈಹಿಡಿದವು. ಇಷ್ಟು ಸಣ್ಣ ವಿಷಯ. ಗಂಡ ಹೆಂಡತಿ ಒಂದು ಸಂಜೆ ಜಗಳ ಬಿಟ್ಟು ಕೂತಿದ್ದರೆ ಹೊಳೆಯುತ್ತಿತ್ತು.

ಒಕ್ಕಣೆ ಮುಗಿದ ದಿನ, ಬೆಳೆ ಚೆನ್ನಾಗಿ ಬಂತಲ್ಲಮ್ಮ ಎಂದಳು ಮಗಳು. ಬಂತು ಎಂದಷ್ಟೇ ಹೇಳಿ ಕಳೆಯಕ್ಕ ಗೋಧಿಯ ರಾಶಿಯ ಪಕ್ಕ ಕೂತಳು. ಊಟಕ್ಕೆ ಕರೆದರೂ ಬಹಳ ಹೊತ್ತು ಏಳಲಿಲ್ಲ.