ಹೋದ ಸಲದ್ದೇ ಸಪ್ಪಳ

ಹೋದ ವಾರ ನಮ್ಮ ವಾಷಿಂಗ್ ಮೆಷಿನ್ ನಿಂತುಹೋಯಿತು. ರಿಪೇರಿಯವರು ಬಂದು ಹಿಂಬದಿಯ ತಗಡು ಬಿಚ್ಚಿ, ಒಳಗಿಂದ ತುಂಡಾದ ಬೆಲ್ಟೊಂದನ್ನು ಎಳೆದು ನನ್ನ ಕೈಗೆ ಕೊಟ್ಟರು. ಕಪ್ಪು ರಬ್ಬರು, ಒಳಮೈಗೆಲ್ಲ ಉದ್ದನೆಯ ಗೆರೆಗಳು, ಒಂದು ಕಡೆ ಸುಟ್ಟು ಮಿರಮಿರ ಅನ್ನುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವೇಶ್ವರನಗರದ ಮನೆಯಲ್ಲಿ ನಿಂತಿದ್ದವಳು ನಾಯಂಡಹಳ್ಳಿಯ ಆ ಶೆಡ್ಡಿಗೆ ಹೋಗಿಬಿಟ್ಟೆ.

“ಕೆಡೋ ಮುಂಚೆ ಏನಾದ್ರೂ ಸೌಂಡ್ ಬರ್ತಿತ್ತಾ ಮೇಡಂ? ಹೇಗೆ ಬರ್ತಿತ್ತು?” ಎಂದು ರಿಪೇರಿಯವರು ಕೇಳಿದರು. ಹೀಗೇ ಕೇಳುವವರೊಬ್ಬರು ಇದ್ದರು…

ನಮ್ಮ ಯಜಮಾನರಿಗೆ ಕಾರಿನ ಹುಚ್ಚು. ಯಾರೋ ಓಡಿಸಿ ಸಾಕಾಗಿ ಮಾರಿದ ವಿದೇಶಿ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ್ದರು. ಅದರಲ್ಲಿ ಸೂಪರ್‌ಚಾರ್ಜರ್ ಅಂತ ಒಂದು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದು ಅದರ ಕೆಲಸವಂತೆ. ಅದನ್ನು ತಿರುಗಿಸಲು ಮಾರುದ್ದದ ಒಂದು ಬೆಲ್ಟು, ಸ್ಟೇರಿಂಗ್ ಹಗುರಾಗಿ ತಿರುಗಬೇಕಾದರೂ ಅದೇ ಬೆಲ್ಟೇ ಗತಿ. ವರ್ಷ ತುಂಬುವುದರೊಳಗೆ ಯಜಮಾನರಿಗೆ ಮಂಡಿನೋವು ಬಂದು ಕ್ಲಚ್ ತುಳಿಯಲಾಗದೆ ಕಾರು ನನ್ನ ಕೊರಳಿಗೆ ಬಿತ್ತು. ವಿಜಯನಗರದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನಾನು ದಿನಾ ಬೆಳಿಗ್ಗೆ ಆ ರಥದಿಂದ ಇಳಿಯುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಗದೆ ಇನ್ನೇನು ಮಾಡ್ಯಾರು!

ಆ ಕಾರು ಒಂದು ದಿನ ಕೂಗಲು ಶುರುಮಾಡಿತು. ದೊಡ್ಡ ದೊಡ್ಡ ಸರ್ವಿಸ್ ಸ್ಟೇಷನ್ನಿನವರು ಕೈ ಚೆಲ್ಲಿದಾಗ ಯಾರೋ ನಾಯಂಡಹಳ್ಳಿಯ ಶೆಡ್ಡಿನ ಈ ಮೇಸ್ತ್ರಿಯ ಹೆಸರು ಹೇಳಿದರು. ಗದಗದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಗ್ರೀಸು. ನಾನು ಟೀಚರ್ ಅಂತ ತಿಳಿದ ಕ್ಷಣದಿಂದ ನನ್ನನ್ನು “ಅಕ್ಕೋರ” ಎಂದೇ ಕರೆದರು. ನನಗಿಂತ ಇಷ್ಟು ದೊಡ್ಡವರು ಅಕ್ಕ ಅಂತಾರಲ್ಲ ಎಂದು ಒಳಗೊಳಗೇ ಸಿಡುಕಿದ್ದೆ. ಅವರ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಅವರು ಬಾನೆಟ್ ಎತ್ತುವ ಮೊದಲೇ ಕೇಳಿದ್ದು ಒಂದೇ. “ಸಪ್ಪಳ ಹೆಂಗ ಬರ್ತೈತ್ರಿ? ಬಾಯಿಲೆ ಮಾಡಿ ತೋರಸ್ರಿ.”

ಅಯ್ಯೋ ಶಿವನೇ! ಗ್ಯಾರೇಜಿನಲ್ಲಿ ನಿಂತು ಬಾಯಲ್ಲಿ ಕಾರಿನ ಸದ್ದು ಮಾಡುವುದೇ? ಚಟಚಟ, ದಬದಬ, ಸರಸರ ಅಂತ ಅನುಕರಣಾವ್ಯಯದ ಪಾಠ ಮಾಡಿ ಮಾಡಿ ನನಗೆ ಬಾಯಿಪಾಠವಾಗಿತ್ತು, ನಿಜ. ಆದರೆ ಅದು ಕರಿಹಲಗೆಯ ಮೇಲೆ. ಸಣ್ಣ ದನಿಯಲ್ಲಿ “ಕುಂಯ್” ಅಂದೆ. ಅವರು ನನ್ನ ಬಾಯಿಯನ್ನೇ ದಿಟ್ಟಿಸುತ್ತ, ಇನ್ನೊಂದು ಸಲ ಜೋರಾಗಿ ಮಾಡಿ ಅಂದರು. ಮಾಡಿದೆ. ತಲೆ ಆಡಿಸಿ, ಎಂಜಿನ್ ಚಾಲೂ ಮಾಡಿಸಿ, ಮರದ ಹಿಡಿಯ ಉದ್ದ ಸ್ಕ್ರೂಡ್ರೈವರ್ ಒಂದನ್ನು ತಂದು ಅದರ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಬೇರೆ ಮೆಕ್ಯಾನಿಕ್ಕುಗಳು ಅದನ್ನು ಕಿವಿಗೆ ಇಡುತ್ತಾರೆ, ಇವರು ಕಚ್ಚುತ್ತಿದ್ದರು. ಬೆಲ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಕುಂಯ್ ನಿಂತಿತಾ ಅಂತ ನನ್ನನ್ನೇ ಕೇಳಿದರು. ನಿಂತಿತ್ತು. ಬೆಲ್ಟು ಸಡಿಲ ಅಂತ ಬಿಗಿ ಮಾಡಿ ಕಳಿಸಿದರು.

ಹೋಗಿ ಬಂದು ಮಾಡುತ್ತ ನನಗೂ ಒಂದಿಷ್ಟು ಕಲಿಸಿದರು. ಗುಂಯ್ ಅಂದರೆ ಸೂಪರ್‌ಚಾರ್ಜರಿನ ಸ್ವಂತ ದನಿ, ಹೆದರಬೇಕಿಲ್ಲ. ಕುಂಯ್ ಅಂದರೆ ಬೆಲ್ಟು ಜಾರುತ್ತಿದೆ. ಗುಂಯ್ ಒಳಗೆ ಗುರ್ ಸೇರಿಕೊಂಡರೆ ಮಾತ್ರ ಯಾವುದೋ ಚಕ್ರದ ಬೇರಿಂಗ್ ಸೋತಿದೆ. ಆಗ ಬೆಲ್ಟು ಬಿಗಿ ಮಾಡಿದರೆ, ಬ್ಯಾನಿ ಬಿದ್ದು ಮಲಗಿದವನ ತಲೆ ಮೇಲೆ ಮೂಟೆ ಹೊರಿಸಿದ ಹಾಗೆ ಅಂದಿದ್ದರು. ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ. ನೆನಪಿಟ್ಟುಕೊಂಡು ಏನು ಬಂತು…

ಒಂದು ಬೆಳಿಗ್ಗೆ ಅವರ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವರು ತಮ್ಮ ಪಾಡಿಗೆ ಬೋಲ್ಟು ತಿರುಗಿಸುತ್ತಿದ್ದರು. “ಮೇಸ್ತ್ರೀ, ನಿಮ್ಮ ಫೋನು” ಅಂದೆ. ಅವರ ಮುಖ ಸಪ್ಪಗಾಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು. ಕೀರಲು ಸದ್ದುಗಳು ಕಿವಿಗೆ ಬೀಳದೆ ಮೂರು ವರ್ಷವಾಗಿತ್ತು. ಮನುಷ್ಯರ ಮಾತು ಕೇಳುತ್ತದೆ, ಬೆಲ್ಟಿನ ಕೂಗು ಕೇಳುವುದಿಲ್ಲ. ಅದಕ್ಕೇ ಬಾಯಲ್ಲಿ ಮಾಡಿಸುವುದು, ಯಂತ್ರದ ನಡುಕ ಹಲ್ಲಿಗೆ ತಿಳಿಯಲೆಂದೇ ಸ್ಕ್ರೂಡ್ರೈವರ್ ಕಚ್ಚುವುದು. ಎಲ್ಲರೂ ಮುದುಕನ ತಮಾಷೆ ಅಂದುಕೊಂಡಿದ್ದೆವು.

“ಯಾರ ಮುಂದೂ ಅನಬ್ಯಾಡ್ರಿ ಅಕ್ಕೋರ. ಕಿವಿ ಹೋದವನ ಹತ್ರ ಯಾರು ಗಾಡಿ ಬಿಡ್ತಾರ?”

ಛೆ ಛೆ, ಯಾರಿಗೂ ಹೇಳಲ್ಲ ಅಂದೆ. ಸಂಜೆ ಕಾಫಿ ಕುಡಿಯುತ್ತ ಯಜಮಾನರಿಗೆ ಹೇಳಿದೆ. ಗಂಡನಿಗೆ ಹೇಳಿದರೆ ಹೇಳಿದ ಹಾಗಲ್ಲ ಅನ್ನುವ ಲೆಕ್ಕ ನನ್ನದು. ನನ್ನ ಮುಖಕ್ಕಿಷ್ಟು!

ಕೆಲವು ತಿಂಗಳಾದ ಮೇಲೆ ಮತ್ತೆ ಸದ್ದು ಬಂತು. ನಿಂತಲ್ಲಿ ಏನೂ ಇಲ್ಲ. ಮೇಲ್ಸೇತುವೆ ಹತ್ತುವಾಗ ಮಾತ್ರ ಗುಂಯ್ ಅನ್ನುವುದು, ಆ ಗುಂಯ್ ಹೊಟ್ಟೆಯೊಳಗಿಂದ ಗುರ್‌ರ್ ಅಂತ ಎಳೆಯುವುದು. ಶನಿವಾರ ಶಾಲೆ ಬಿಟ್ಟವಳೇ ಶೆಡ್ಡಿಗೆ ಹೋದೆ. ಅಲ್ಲಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬನ ತಂದೆ ಕೂತಿದ್ದರು. ಹಿಂದಿನ ದಿನವಷ್ಟೇ ಅವರನ್ನು ಸ್ಟಾಫ್ ರೂಮಿಗೆ ಕರೆಸಿ, ನಿಮ್ಮ ಮಗ ಪಾಠದ ಮಧ್ಯೆ ಎಮ್ಮೆ ಹಾಗೆ ಕೂಗ್ತಾನೆ, ಇದೇನು ಶಾಲೆಯೋ ದನದ ಕೊಟ್ಟಿಗೆಯೋ ಅಂತ ಝಾಡಿಸಿದ್ದೆ.

ಮೇಸ್ತ್ರಿ ಎಂದಿನಂತೆ ನನ್ನ ಮುಂದೆ ಬಂದು ನಿಂತು ಬಾಯಿ ನೋಡಿದರು. ಆ ಮನುಷ್ಯನೂ ಪೇಪರ್ ಮಡಚಿ ನನ್ನತ್ತ ನೋಡಿದ. ಅವನೆದುರು ಗುರ್‌ರ್ ಅನ್ನುವುದೇ? “ಹೋದ ಸಲದ್ದೇ” ಅಂದುಬಿಟ್ಟೆ.

“ಅದ ಏನ್ರಿ? ಒಂದ ಸಲ ಮಾಡ್ರಿ ಅಕ್ಕೋರ.”

“ಅದೇ ಅಂದೆನಲ್ಲ ಮೇಸ್ತ್ರಿ. ಹೋದ ಸಲದ್ದೇ.”

ಅವರು ಸ್ಕ್ರೂಡ್ರೈವರ್ ಕಚ್ಚಿ ನೋಡಿದರು. ನಿಂತ ಗಾಡಿಯಲ್ಲಿ ಸಿಕ್ಕುವಂಥದ್ದಾಗಿರಲಿಲ್ಲ ಅದು. ಒಂದು ಗಳಿಗೆ ಅನುಮಾನದಿಂದ ನನ್ನ ಮುಖ ನೋಡಿ, ಆಮೇಲೆ ಹಳೆಯ ಕುಂಯ್ ಎಂದು ನನ್ನ ಮಾತನ್ನೇ ನಂಬಿ ಹೊಸ ಬೆಲ್ಟು ಹಾಕಿ ಬಿಗಿದು ಕಳಿಸಿದರು. ದಾರಿಯಲ್ಲಿ ಫೋನ್ ಮಾಡಿ ನಿಜ ಹೇಳಬಹುದಿತ್ತು. ನಾಳೆ ನೋಡೋಣ ಅಂದುಕೊಂಡೆ. ನಾಳೆ ಕಳೆದು ನಾಡಿದ್ದೂ ಕಳೆಯಿತು.

ನಾಲ್ಕನೇ ದಿನ ಪಕ್ಕದಲ್ಲಿ ಯಜಮಾನರು ಕೂತಿದ್ದರು. ಮೇಲ್ಸೇತುವೆ ಇಳಿಯುವಾಗ ಬೇರಿಂಗ್ ಕಚ್ಚಿಕೊಂಡು ಬೆಲ್ಟು ಫಟ್ ಅಂತ ಹರಿಯಿತು. ಸುಟ್ಟ ರಬ್ಬರಿನ ವಾಸನೆ ಒಳಗೆ ತುಂಬಿತು. ಸ್ಟೇರಿಂಗ್ ಕಲ್ಲಾಯಿತು. ಎಷ್ಟು ಜಗ್ಗಿದರೂ ಗಾಡಿ ತಿರುಗದೆ ಹೋಗಿ ಡಿವೈಡರಿಗೆ ಬಡಿಯಿತು. ನನಗೆ ಏನೂ ಆಗಲಿಲ್ಲ. ಯಜಮಾನರ ಬಲಗೈ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಹಾಕಿಸಿಕೊಂಡ ಮಾರನೆಯ ದಿನವೇ ನಾನು ಬೇಡವೆಂದರೂ ಕೇಳದೆ ಅವರು ಆಟೋ ಹಿಡಿದು ಶೆಡ್ಡಿಗೆ ಹೊರಟರು. ನಾನೂ ಹಿಂದೆ ಹೋದೆ. ಗಿರಾಕಿಗಳು, ಅಕ್ಕಪಕ್ಕದ ಗೋಡೌನಿನವರು, ಹತ್ತಾರು ಜನ ಇದ್ದರು. “ಕಿವಿ ಕೇಳಲ್ಲ ಅಂದ್ಮೇಲೆ ಗ್ಯಾರೇಜ್ ಯಾಕ್ರೀ ಇಟ್ಕೊಂಡಿದೀರಾ? ನಮ್ಮ ಪ್ರಾಣ ತೆಗೆಯೋಕಾ?” ಎಂದು ಯಜಮಾನರು ಎಲ್ಲರೆದುರು ಕೂಗಿದರು.

ಮೇಸ್ತ್ರಿ ಅವರನ್ನು ನೋಡಲೇ ಇಲ್ಲ. ನನ್ನನ್ನು ನೋಡಿದರು. ಗುಟ್ಟು ನಾನೇ ಹೊರಹಾಕಿದೆ ಅಂತ ಅವರಿಗೆ ಆಗ ತಿಳಿದಿರಬೇಕು. ಆದರೂ ಗ್ರೀಸಿನ ಕೈಗಳನ್ನು ಜೋಡಿಸಿ, “ತಪ್ಪು ನಂದರಿ” ಅಂದರು. ನಾನು ಚಪ್ಪಲಿ ನೋಡುತ್ತ ನಿಂತಿದ್ದೆ.

ಆಮೇಲೆ ಅವರನ್ನು ಕಿವುಡ ಮೇಸ್ತ್ರಿ ಅಂತ ಕರೆಯತೊಡಗಿದರಂತೆ. ಮಾತು ಕೆಂಗೇರಿವರೆಗೂ ಹೋಯಿತು. ಶೆಡ್ಡಿನ ಮುಂದೆ ಸಾಲುಗಟ್ಟುತ್ತಿದ್ದ ಗಾಡಿಗಳು ಒಂದಕ್ಕಿಳಿದು, ಆಮೇಲೆ ಅದೂ ಇಲ್ಲದಾಯಿತು. ಒಂದು ದಿನ ಮೆಟ್ರೋದಿಂದ ಇಣುಕಿದಾಗ ಷಟರ್ ಎಳೆದಿತ್ತು…

ಧೈರ್ಯ ಮಾಡಿ ಅವರ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ವರ್ಷವೇ ಕಳೆದಿತ್ತು. ಎಲ್ಲ ಹೇಳಿಬಿಡಬೇಕು ಅಂತಲೇ ಹೋದದ್ದು. ಗೋಡೆಯ ಮೇಲೆ ಅವರ ಫೋಟೋ ಇತ್ತು, ಹಾರ ಹಾಕಿತ್ತು. ಕೆಲಸ ಬಿಟ್ಟ ಮೇಲೆ ಮನೆಯಲ್ಲೂ ಮಾತು ಕಮ್ಮಿ ಮಾಡಿದ್ದರಂತೆ, ಊಟ ಸೇರುತ್ತಿರಲಿಲ್ಲವಂತೆ, ಒಂದು ಬೆಳಿಗ್ಗೆ ಏಳಲಿಲ್ಲವಂತೆ. ನಾನು ಯಾರೆಂದು ತಿಳಿದ ಕೂಡಲೇ ಅವರ ಹೆಂಡತಿ ಚಾಪೆ ಹಾಸಿ, ಚಹಾ ಮಾಡಿ ಕೊಟ್ಟರು.

“ನಮ್ಮವರು ನಿಮ್ಮ ಸುದ್ದಿ ಭಾಳ ತೆಗೀತಿದ್ರರಿ. ಅಕ್ಕೋರು ಬರೋಬ್ಬರಿ ಮಾಡಿ ತೋರಿಸಿರ್ತಾರ, ಅವ್ರು ಸುಳ್ಳ ಹೇಳೋ ಪೈಕಿ ಅಲ್ಲ, ನನ್ನ ಕಿವೀನ ಮೋಸ ಮಾಡ್ತು… ಕಡೀತನಕ ಇದ ಅಂದ್ರರಿ.”

ಅಂದು ನಾನು ಸದ್ದು ಮಾಡಿಯೇ ಇರಲಿಲ್ಲ. “ಅದೇ ಅಂದೆನಲ್ಲ” ಅಂದದ್ದಕ್ಕೆ, ನಾನು ಮಾಡಿದ್ದೆ, ತನಗೇ ಕೇಳಿಸಲಿಲ್ಲ ಎಂದು ಅವರು ನಂಬಿಕೊಂಡು ಹೋಗಿಬಿಟ್ಟಿದ್ದರು. ಈಗಲಾದರೂ ಹೇಳು, ಈ ಹೆಂಗಸಿಗಾದರೂ ಹೇಳು ಅಂತ ಒಳಗೆ ಬಡಿದುಕೊಳ್ಳುತ್ತಿತ್ತು. ಚಹಾ ಕುಡಿದೆ. ಬರ್ತೀನಿ ಅಂದು ಎದ್ದು ಬಂದೆ. ಥೂ, ಎಂಥ ಅಕ್ಕೋರು ನಾನು! ಯಜಮಾನರಿಗೂ ಇವತ್ತಿನವರೆಗೆ ಹೇಳಿಲ್ಲ.

“ಮೇಡಂ, ಸೌಂಡು?” ಎಂದು ರಿಪೇರಿಯವರು ಮತ್ತೆ ಕೇಳಿದರು.

ಹರಿದ ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡು, ಬಾಯಿ ತೆರೆದು, ಇಡೀ ಮನೆಗೆ ಕೇಳುವ ಹಾಗೆ ಮಾಡಿದೆ. ಕೆಡುವ ಮುಂಚೆ ಮೆಷಿನ್ ಮಾಡಿದ್ದೂ ಅದೇ ಸದ್ದು, ಮೊದಲು ಗುಂಯ್, ಅದರ ಒಳಗಿಂದ ಗುರ್‌ರ್‌ರ್. ಯಜಮಾನರು ಹಾಲಿನಿಂದ ಎದ್ದು ಬಂದು, ಇಂದಿಗೂ ಪೂರ್ತಿ ತಿರುಗದ ಬಲಗೈಯನ್ನು ಬಾಗಿಲಿಗೆ ಊರಿ, “ಏನಾಯ್ತೇ ನಿಂಗೆ?” ಅಂದರು. ರಿಪೇರಿಯವರು ನಗಲಿಲ್ಲ. ಮೆಷಿನ್ನಿನೊಳಗೆ ಕೈ ಹಾಕಿ ಚಕ್ರ ತಿರುಗಿಸಿ ನೋಡಿದರು.

“ಬೇರಿಂಗ್ ಹೋಗಿದೆ ಮೇಡಂ. ಈ ಸೌಂಡ್ ಬಂದಾಗ್ಲೇ ಹೇಳಿದ್ರೆ ಉಳೀತಿತ್ತು.”

ಹೌದು, ಆಗಲೇ ಹೇಳಬೇಕಿತ್ತು ಅಂದೆ.