ಚಿಕ್ಕಮ್ಮ ಹೇಳಿದ ಹೆಸರು

ಆಡಿದ ಮಾತಿಗೆ ಅರ್ಥವಿರುತ್ತದೆ, ಶಕ್ತಿ ಇರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಮೈಸೂರಿನಲ್ಲಿ ಬಿ.ಎ. ಓದುವಾಗ ತರ್ಕಶಾಸ್ತ್ರ ನನ್ನ ವಿಷಯ. ರಜೆಗೆ ಬಂದಾಗ ನಮ್ಮ ಚರ್ಚಿನ ಸಭೆಯ ಹಿರಿಯರು ಆಶೀರ್ವಾದ, ಶಾಪ ಎಂದು ಮಾತನಾಡಿದರೆ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎನ್ನಲೂ ಆಗುವುದಿಲ್ಲ.

ಹೆತ್ತವರಿಲ್ಲದ ನನ್ನನ್ನು ಸಾಕಿದವರು ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಪ್ಪ ಯೋಹಾನಪ್ಪ ಲಕ್ಕವಳ್ಳಿ ಅಣೆಕಟ್ಟಿನ ಕೆಲಸದಲ್ಲಿ ಪಂಪ್ ಮೆಕ್ಯಾನಿಕ್. ಕೆಲಸಗಾರರ ಸಾಲುಮನೆಯಲ್ಲಿ ನಮ್ಮ ವಾಸ. ದಿನವೂ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೊಸಿಲು ದಾಟುವ ಮೊದಲೇ "ಬಂದೆ ಕಣೇ" ಎನ್ನುತ್ತಿದ್ದರು. ಚಿಕ್ಕಮ್ಮ ಒಂದು ಚೊಂಬು ನೀರು ಹಿಡಿದು ಬಾಗಿಲಿಗೆ ಹೋಗುತ್ತಿದ್ದರು.

ನಾವು ಕ್ರೈಸ್ತರಾದದ್ದು ತಾತನ ಕಾಲದಲ್ಲಿ. ದೇವರು ಬದಲಾದರೂ ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯಸ್ಸು ಕುಂದುತ್ತದೆ ಎಂಬುದು ಬದಲಾಗಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಚಿಕ್ಕಮ್ಮ ನನ್ನ ಹೆಸರು, ನೆರೆಯವರ ಹೆಸರು, ಕೊನೆಗೆ ಹಸುವಿನ ಹೆಸರನ್ನೂ ಹೇಳುತ್ತಿದ್ದರು. ಗಂಡನ ಸರದಿ ಬಂದರೆ ಮಾತ್ರ "ಸ್ವಾಮಿ, ನಮ್ಮನೆಯವ್ರು" ಎಂದು ಮುಗಿಸುತ್ತಿದ್ದರು.

"ಈ ಸಾಲಲ್ಲಿ ಎಷ್ಟು ಜನ ಮನೆಯವ್ರು ಅವ್ರೆ! ದೇವ್ರು ಯಾರನ್ನಂತ ಕಾಯ್ತಾನೆ? ಹೆಸ್ರೇಳೇ" ಎಂದು ಚಿಕ್ಕಪ್ಪ ಕೆಣಕುತ್ತಿದ್ದರು.

"ದೇವ್ರಿಗೆ ನಿಮಗಿಂತ ಬುದ್ಧಿ ಐತೆ, ಸುಮ್ಕಿರಿ."

ನಾನು ರಜೆಗೆ ಬಂದಿದ್ದ ಒಂದು ಬೇಸಿಗೆಯಲ್ಲಿ ಚಿಕ್ಕಪ್ಪ ಅಣೆಕಟ್ಟಿಗೆ ಕಟ್ಟಿದ್ದ ಎತ್ತರದ ಸಾರವೆಯಿಂದ ಬಿದ್ದರು. ತಲೆಗೆ ಪೆಟ್ಟಾಗಿ ಮಾತು ನಿಂತಿತು, ಎಚ್ಚರವೂ ಹೋಯಿತು. ತರೀಕೆರೆಯ ಆಸ್ಪತ್ರೆಯಲ್ಲಿ ಕೆಲವು ದಿನ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಅದರ ಅರ್ಥ ನಮಗೆ ಗೊತ್ತಾಯಿತು. ಚಿಕ್ಕಮ್ಮ ಮಾತ್ರ ಒಪ್ಪಲಿಲ್ಲ. ಮನೆಗೆ ತಂದ ಮೇಲೆ ಹಗಲೂ ರಾತ್ರಿ ಮಂಚದ ಪಕ್ಕದಲ್ಲಿ ಕೂತು "ನಮ್ಮನೆಯವ್ರನ್ನ ಉಳಿಸು" ಎಂದು ಬೇಡುತ್ತಿದ್ದರು.

ಭಾನುವಾರ ಆರಾಧನೆ ಮುಗಿಸಿಕೊಂಡು ನಮ್ಮ ಸಭೆಯ ಉಪದೇಶಿಗಳು ಬಂದರು. ಒಳ್ಳೆಯ ಮುದುಕರು. "ಸತ್ತೋನನ್ನೇ ಯೇಸುಸ್ವಾಮಿ ಹೆಸರಿಡಿದು ಕರೆದ, ಅವ್ನು ಗೋರಿಯಿಂದ ಎದ್ದು ಬಂದ. ನೀನು ಹೆಸ್ರೇಳದೆ ಕೇಳಿದ್ರೆ ಅದು ಅರ್ಧ ನಂಬಿಕೆ ಕಣಮ್ಮ. ಬಾಯಿಬಿಟ್ಟು ಹೇಳು" ಎಂದರು.

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು, ದೇವರನ್ನು ಬೇಡುವವರಂತಲ್ಲ, ದೂರದಲ್ಲಿ ಹೋಗುತ್ತಿರುವವರನ್ನು ಕೂಗುವವರಂತೆ ಹೇಳಿದರು: "ಯೋಹಾನಪ್ಪಾ."

"ಬಂದೆ ಕಣೇ."

ದನಿ ಬಂದದ್ದು ಬಾಗಿಲಿನಿಂದ. ನಾನು ನೋಡುತ್ತಿದ್ದದ್ದು ಚಿಕ್ಕಪ್ಪನ ಮುಖವನ್ನು. ತುಟಿ ಅಲುಗಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಉಪದೇಶಿಗಳು ಕಣ್ಣು ಮುಚ್ಚಿ ಪ್ರಾರ್ಥನೆ ಮುಂದುವರಿಸಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಆದರೆ ಚಿಕ್ಕಮ್ಮ ಎದ್ದರು. ಮೂಲೆಯಲ್ಲಿದ್ದ ಚೊಂಬಿಗೆ ನೀರು ತುಂಬಿಕೊಂಡು ಬಾಗಿಲಿಗೆ ಹೋಗಿ ನಿಂತರು. ಅವರು ತಿರುಗಿ ಬರುವಷ್ಟರಲ್ಲಿ ಮಂಚದ ಮೇಲೆ ಉಸಿರು ನಿಂತಿತ್ತು.

ಅಂದಿನ ದಿನಚರಿಯಲ್ಲಿ "ಚಿಕ್ಕಪ್ಪ ತೀರಿಕೊಂಡರು" ಎಂದಷ್ಟೇ ಬರೆದಿದ್ದೇನೆ. ದನಿಯ ಮಾತಿಲ್ಲ. ಬರೆಯಲು ಹೆದರಿದೆನೋ, ಕೇಳದ್ದನ್ನು ದುಃಖ ಆಮೇಲೆ ಕೇಳಿಸಿತೋ ಎಂದು ಎಷ್ಟೋ ಸಲ ನನ್ನನ್ನೇ ಅನುಮಾನಿಸಿದ್ದೇನೆ. ನೆನಪು ನಂಬುವಂಥದ್ದಲ್ಲ. ಆದರೆ ಆ ನೀರಿನ ಚೊಂಬು? ಅದನ್ನು ಉಪದೇಶಿಗಳೂ ನೋಡಿದರು. ಹೆಂಗಸಿಗೆ ಬುದ್ಧಿ ಕದಡಿತು ಎಂದುಕೊಂಡರು.

ಚಿಕ್ಕಮ್ಮನಿಗೆ ಸಮಾಧಾನ ಹೇಳಬಲ್ಲವರು ಯಾರೂ ಇರಲಿಲ್ಲ. ಉಪದೇಶಿಗಳು "ಕರ್ತನ ಚಿತ್ತ" ಎಂದರು. ಸಾಲುಮನೆಯ ಹೆಂಗಸರು "ಹೆಸ್ರೇಳಿ ಕಳ್ಕೊಂಡ್ಲು" ಎಂದು ಪಿಸುಗುಟ್ಟಿದರು. ಅಂದಿನಿಂದ ಚಿಕ್ಕಮ್ಮ ಪ್ರಾರ್ಥನೆಯಲ್ಲಿ ಯಾರ ಹೆಸರನ್ನೂ ಎತ್ತಲಿಲ್ಲ. ನನ್ನನ್ನೂ "ಮಗಾ" ಎಂದೇ ಕರೆದರು, ಹೆಸರು ಹಿಡಿದು ಕರೆಯಲಿಲ್ಲ.

ನನಗೆ ಕಡೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿದ ಮೇಲೆ ಅವರನ್ನು ಅಲ್ಲಿಗೇ ಕರೆತಂದೆ. ಕೆಲವು ವರ್ಷಗಳಲ್ಲಿ ಹಾಸಿಗೆ ಹಿಡಿದರು. ಒಂದು ದಿನ ನನ್ನ ಕೈ ಹಿಡಿದು, "ಪ್ರಾರ್ಥನೆ ಮಾಡು ಮಗಾ. ನನ್ನೆಸ್ರು ಹೇಳಿ ಮಾಡು" ಎಂದರು.

ಉಳಿಯಬೇಕೆಂದು ಕೇಳಿದರೋ, ಹೋಗಬೇಕೆಂದು ಕೇಳಿದರೋ ತಿಳಿಯಲಿಲ್ಲ. ಮಾರ್ಥಮ್ಮ. ಆ ಹೆಸರನ್ನು ಇಲ್ಲಿ ಬರೆಯುವುದು ಇಷ್ಟು ಸುಲಭ. ಅಂದು ಬಾಯಿ ತೆರೆದೆ, ನಾಲಗೆ ಏಳಲಿಲ್ಲ. ಮಾತಿಗೆ ಶಕ್ತಿಯಿಲ್ಲವೆಂದು ಓದಿಕೊಂಡಿದ್ದವನು ಯಾವುದಕ್ಕೆ ಹೆದರಿದೆ?

ಚಿಕ್ಕಮ್ಮ ನನ್ನ ಕೈ ಬಿಟ್ಟು, ಬಾಗಿಲ ಕಡೆ ಹೊರಳಿದರು. ಸಂಜೆಗೆ ಮುಂಚೆ, ಯಾರೂ ಕರೆಯದೆಯೇ, ಹೋದರು.